ಎಂಟು ಗಂಟೆಯ ಜಡ್ಜ್ ಸಾಹೇಬರು

ದಿನಾ ಸಂಜೆ ನಾಲ್ಕಕ್ಕೆ ರಿಜಿಸ್ಟರ್ ಅಕ್ಕ ಹೋಟೆಲಿನ ಬಾಗಿಲಲ್ಲಿ ತನ್ನ ಸ್ಟೂಲಿನ ಮೇಲೆ ಕೂತು, ಮೇಜು ಬುಕ್ ಮಾಡುವ ಪುಸ್ತಕ ತೆರೆದು, ಮೊದಲು ಒಂದು ಸುಳ್ಳು ಬರೆಯುತ್ತಿದ್ದಳು: ‘ಎಂಟು ಗಂಟೆ, ಕಿಟಕಿ ಮೇಜು, ಜಡ್ಜ್ ಸಾಹೇಬರು, ನಾಲ್ಕು ಜನ.’ ಆಮೇಲೆ ಕಣ್ಣು ಮುಚ್ಚಿ ದೇವರಲ್ಲಿ ಕ್ಷಮೆ ಕೇಳಿ, ಉಳಿದದ್ದೆಲ್ಲ ಸತ್ಯವನ್ನೇ ಬರೆಯುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳನ್ನೂ ತಪ್ಪಿಸಿದವಳಲ್ಲ, ಕ್ಷಮೆಯನ್ನೂ ತಪ್ಪಿಸಿದವಳಲ್ಲ.

ಆ ದುಬಾರಿ ಹೋಟೆಲಿನಲ್ಲಿ ಇದ್ದದ್ದು ಹದಿನಾಲ್ಕೇ ಮೇಜು. ಇಬ್ಬರಿಗೆ ಒಂದೂವರೆ ಗಂಟೆ, ನಾಲ್ವರಿಗೆ ಎರಡು ಗಂಟೆ ಎಂದು ಹಿಡಿದು ಒಬ್ಬರ ಬೆನ್ನಿಗೆ ಇನ್ನೊಬ್ಬರನ್ನು ಕೂರಿಸಬೇಕು. ಲೆಕ್ಕ ಅಕ್ಕನದು, ಹರಟೆ ಗಿರಾಕಿಗಳದು. ಯಾರಾದರೂ ಏಳದೆ ಕೂತುಬಿಟ್ಟರೆ ಮುಂದಿನವರಿಗೊಂದು ಮೇಜು ಇರಲಿ ಎಂದೇ ಅವಳು ಹುಟ್ಟಿಸಿದ ಮನುಷ್ಯ ಈ ಜಡ್ಜ್.

ಹಳೆಯ ಯಜಮಾನರಿಗೆ ಇದು ಗೊತ್ತಿತ್ತು. ಮೂರು ತಿಂಗಳ ಹಿಂದೆ ಯಜಮಾನಿಕೆಗೆ ಬಂದ ಅವರ ಅಳಿಯನಿಗೆ ಗೊತ್ತಿರಲಿಲ್ಲ. ಬಂದವನೇ ಹೇಳಿದ್ದ: “ಅಕ್ಕ, ಬುಕ್ ಮಾಡಿದೋರು ಇನ್ನೊಂದ್ಸಲ ಬಾಗಿಲಲ್ಲಿ ಹತ್ತು ನಿಮಿಷ ನಿಂತ್ರೆ ಪುಸ್ತಕಾನೂ ಬೇಡ, ನೀವೂ ಬೇಡ. ಕಂಪ್ಯೂಟರ್ ತರಿಸ್ತೀನಿ.”

ಒಂದು ಶನಿವಾರ ಅವನೇ ಇಬ್ಬರು ಗೆಳೆಯರನ್ನು ಕರೆತಂದು ಕಿಟಕಿ ಮೇಜಿಗೆ ಕೂತ.

“ಅದು ಜಡ್ಜ್ ಸಾಹೇಬ್ರದು, ಸಾರ್.”

“ಬರ್ತಾರಾ ಅವ್ರು? ನಾನಂತೂ ಮುಖಾನೇ ನೋಡಿಲ್ಲ.”

“ಯಾವತ್ತು ಬರ್ತಾರೋ ಹೇಳೋಕಾಗಲ್ಲ. ಬಂದಾಗ ಮೇಜಿಲ್ದಿದ್ರೆ ಮಾತ್ರ ನಮ್ಮ ಕತೆ ಮುಗೀತು.”

“ಬಂದ್ರೆ ಎದ್ದುಬಿಡ್ತೀನಿ, ಹೋಗಿ.”

ಎಂಟಕ್ಕೆ ಸರಿಯಾಗಿ ಊರುಗೋಲಿನ ಅಜ್ಜಿಯೊಬ್ಬರು ಮೂವರು ಮೊಮ್ಮಕ್ಕಳೊಂದಿಗೆ ಬಂದರು. ಅವರಿಗಿಟ್ಟಿದ್ದ ಐದನೇ ಮೇಜಿನಲ್ಲಿ ಬೀಗರಾಗಲಿದ್ದ ಎರಡು ಜೋಡಿ ಐದೂವರೆಯಿಂದ ಮದುವೆಗೆ ತಾರೀಕು ಹುಡುಕುತ್ತಿದ್ದವು. ಅಕ್ಕ ತಟ್ಟೆ ತೆಗೆಸಿದಳು, ಲೋಟ ತೆಗೆಸಿದಳು, ಮೇಜನ್ನು ಎರಡು ಸಲ ಒರೆಸಿದಳು. ಬೀಗರು ಮಾರ್ಚ್ ಬಿಟ್ಟು ಏಪ್ರಿಲ್ಲಿಗೆ ಬಂದರೇ ಹೊರತು ಕುರ್ಚಿ ಬಿಡಲಿಲ್ಲ. ಊಟಕ್ಕೆ ಬಂದವರಿಗೆ ‘ಏಳಿ’ ಎನ್ನಲು ಅವಳಿಗೆ ಬಾಯಿ ಬಾರದು. ನಾಲ್ಕು ನಿಮಿಷವಾಯಿತು. ಅಜ್ಜಿ ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

ಅಕ್ಕ ಮನಸ್ಸಿನಲ್ಲೇ ದೇವರಿಗೆ, ‘ಇವತ್ತು ಎರಡು ಸುಳ್ಳು ಲೆಕ್ಕಕ್ಕೆ ಹಾಕ್ಕೋ’ ಎಂದಳು. ಹೋಗಿ ಅಳಿಯನ ಕಿವಿಯಲ್ಲಿ ಉಸುರಿದಳು: “ಸಾರ್, ಜಡ್ಜ್ ಸಾಹೇಬ್ರು ಬಂದ್ರು.”

ಅವನು ಕುರ್ಚಿಗೆ ಬೆಂಕಿ ಬಿದ್ದವನಂತೆ ಎದ್ದ. ಗೆಳೆಯರ ತಟ್ಟೆಗಳನ್ನು ತಾನೇ ಎತ್ತಿಕೊಂಡು, ಅವರನ್ನೂ ಹೊರಡಿಸಿಕೊಂಡು ವರಾಂಡಕ್ಕೆ ಓಡಿದ. ತಲೆಗೂದಲು ನೇವರಿಸಿಕೊಂಡು, ಕೈ ಮುಗಿಯಲು ಸಿದ್ಧನಾಗಿ ಮರಳಿದರೆ, ಕಿಟಕಿ ಮೇಜಿನಲ್ಲಿ ಅಜ್ಜಿ!

“ಎಲ್ಲಿ ಅಕ್ಕಾ ಜಡ್ಜು?”

“ಕೂತಿದಾರಲ್ಲ ಸಾರ್. ಇಪ್ಪತ್ತೆರಡು ವರ್ಷದಿಂದ ಹೀಗೇ ಬರೋದು ಅವ್ರು. ಇವತ್ತು ಅಜ್ಜಿ ಆಗಿ ಬಂದ್ರು.”

ಅವನು ಪುಸ್ತಕದ ಹಾಳೆ ತಿರುವಿದ. ಪ್ರತಿ ಹಾಳೆಯ ಮೊದಲ ಸಾಲಿನಲ್ಲೂ ಅದೇ ಜಡ್ಜ್. ಗಡಿಯಾರ ನೋಡಿದ. ಅಜ್ಜಿ ನಿಂತದ್ದು ಆರೇ ನಿಮಿಷ. ತಡೆಯಲಾರದೆ ನಕ್ಕುಬಿಟ್ಟ.

“ಕಂಪ್ಯೂಟರ್‌ಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ಬರಲ್ಲ, ಬಿಡಿ. ನಾಳೆ ಮನೆಯೋರನ್ನ ಕರ್ಕೊಂಡು ಬನ್ನಿ ಅಕ್ಕ. ಕಿಟಕಿ ಮೇಜು ನಿಮ್ಗೆ. ಎಷ್ಟೊತ್ತಾದ್ರೂ ಕೂತ್ಕೊಳ್ಳಿ.”

“ಬೇಡ ಸಾರ್,” ಎಂದಳು ಅಕ್ಕ, ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. “ನಮ್ಮನೆಯೋರು ಊಟಕ್ಕೆ ಕೂತ್ರೆ ಆ ಬೀಗರೇ ವಾಸಿ. ಮೇಲಾಗಿ, ನಾಳೆ ಎಂಟಕ್ಕೆ ಜಡ್ಜ್ ಸಾಹೇಬ್ರು ಬರ್ತಾರೆ.”