ಆಯಿ ಉಂಡ ದಿನ

ಕಾದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದ ಕೂಡಲೇ ಏಳುವ ಜೋಳದ ಹಬೆ ಇವತ್ತಿಗೂ ನನ್ನನ್ನು ನಿಂತಲ್ಲೇ ನಿಲ್ಲಿಸುತ್ತದೆ. ಯಾವಗಲ್ ಎಂಬ ಊರಿನ ನಮ್ಮ ಮನೆ ಈಗಿಲ್ಲ. ಪಾಲಾಯಿತು, ಕೆಡವಿದರು, ಆ ಜಾಗದಲ್ಲಿ ಸಿಮೆಂಟಿನ ಮನೆಗಳು ಎದ್ದವು. ಆದರೆ ಆ ವಾಸನೆ ಬಂದರೆ ಸಾಕು, ಅಡುಗೆಮನೆಯ ಬಾಗಿಲು ಕಣ್ಣಮುಂದೆ ಬರುತ್ತದೆ. ಮೊದಲು ಗಂಡಸರು, ಮಕ್ಕಳು ಉಣ್ಣಬೇಕು. ಆಮೇಲೆ ನನ್ನವ್ವ, ಚಿಗವ್ವ. ಎಲ್ಲರದೂ ಮುಗಿದ ಮೇಲೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆ ಬಾಗಿಲನ್ನು ಮುಂದೆ ಮಾಡಿ ಮುಚ್ಚಿಕೊಂಡು ಒಳಗೆ ಉಣ್ಣಲು ಕೂರುತ್ತಿದ್ದಳು. ಮನೆಯ ಹಿರಿಯಳು ಕಡೆಗೆ ಉಣ್ಣುವುದು ನಮ್ಮಲ್ಲಿ ದೊಡ್ಡ ಮರ್ಯಾದೆಯ ಸಂಗತಿ. ಊಟದ ಹೊತ್ತಿಗೆ ಯಾರೇ ಬಂದರೂ ಅವರಿಗೊಂದು ತಾಟು ಬೀಳುತ್ತಿತ್ತು. "ನಮ್ಮ ಮನಿಗೆ ಬಂದಾವರು ಹಸಗೊಂಡು ಹೋಗೂದಿಲ್ಲ" ಎಂದು ಅಜ್ಜ ಮೀಸೆ ಸವರಿಕೊಳ್ಳುತ್ತಿದ್ದ. ಬಾಗಿಲ ಹಿಂದೆ ಏನು ನಡೆಯುತ್ತದೆ ಎಂದು ಅವನೂ ಕೇಳಿರಲಿಲ್ಲ, ನಾವಂತೂ ಚಿಕ್ಕವರು.

ಸಾಲಿಗೆ ರಜೆಯಿದ್ದ ಸೂಟಿಯಲ್ಲಿ ಒಮ್ಮೆ ಅಜ್ಜನಿಗೆ ಏನನ್ನಿಸಿತೋ, ಆಯಿಯನ್ನೂ ನನ್ನನ್ನೂ ಗಜೇಂದ್ರಗಡ ತೋರಿಸಲು ಹೊರಡಿಸಿದ. ನಮ್ಮ ಪಾಲಿಗೆ ಅದೇ ದೊಡ್ಡ ಪಟ್ಟಣ. ರೋಣದಲ್ಲಿ ಬಸ್ಸು ಬದಲಿಸಿ, ಗಜೇಂದ್ರಗಡದಲ್ಲಿ ಇಳಿದವರೇ ಚುರುಮುರಿ ಗಿರಮಿಟ್ಟು, ಮಿರ್ಚಿ ಭಜಿ ಕೊಂಡೆವು. ಆಯಿ ತನ್ನ ಪಾಲಿನದನ್ನು ನನ್ನ ಕಾಗದಕ್ಕೆ ಸುರಿದು "ನಾ ಒಲ್ಲೆ" ಅಂದಳು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ಹಿಂದೆಯೇ ನಡೆದು, ಅರ್ಧ ನೇಯ್ದ ಸೀರೆಯ ಅಂಚನ್ನು ಮುಟ್ಟಿ ನೋಡಿದಳು. ಆಮೇಲೆ ಕಾಲಕಾಲೇಶ್ವರನ ಗುಡ್ಡ. ನಾನು ಕೆಂಪು ಐಸ್‌ಕ್ಯಾಂಡಿ ಚೀಪುತ್ತ, ನಾಲಿಗೆ ಹೊರಚಾಚಿ ಬಣ್ಣ ನೋಡಿಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಮೇಲೆ ಆಯಿ ಬಂಡೆಯಿಂದ ಜಿನುಗುವ ನೀರನ್ನು ಬೊಗಸೆ ತುಂಬಾ ಕುಡಿದು, ಮತ್ತೂ ಕುಡಿದಳು. ಇಷ್ಟು ಬಾಯಾರಿಕೆಯೇ ಎಂದು ನಾನು ನಕ್ಕೆ.

ಇಳಿದು ಬರುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಅಜ್ಜ ಒಂದು ಖಾನಾವಳಿಗೆ ಕರೆದೊಯ್ದ. ತಾಟು ಬಂದವೋ ಇಲ್ಲವೋ, ಆಯಿ ಎದ್ದು ನಿಂತು, ಖಾನಾವಳಿ ನಡೆಸುವ ಹೆಂಗಸಿನ ಕೈಯಿಂದ ರೊಟ್ಟಿಯ ಬುಟ್ಟಿ ಇಸಗೊಂಡು ಅಜ್ಜನಿಗೆ ಬಡಿಸಿದಳು, ನನಗೆ ಬಡಿಸಿದಳು, ಪಕ್ಕದ ಬೆಂಚಿನ ಗುರುತಿಲ್ಲದ ಗಂಡಸರಿಗೂ ಬಡಿಸತೊಡಗಿದಳು. ಅವರು ತಬ್ಬಿಬ್ಬಾಗಿ ಮುಖ ನೋಡಿದರು. ಆ ಹೆಂಗಸು ನಗುತ್ತ ಬುಟ್ಟಿ ಹಿಂದಕ್ಕೆ ತಗೊಂಡು, "ಯವ್ವಾ, ಇಲ್ಲಿ ಬಡಸಾಕಿ ನಾನು. ನೀವು ಕುಂದರ್ರಿ" ಎಂದು ಭುಜ ಹಿಡಿದು ಕೂರಿಸಿದಳು.

ಆಯಿ ಕೂತಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಮತ್ತೊಂದು ತುತ್ತು. ಸೆರಗು ಹಿಂದೆ ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. "ಇನ್ನೊಂದು ಹಾಕ್ಲೇನವಾ?" ಎಂದು ಆ ಹೆಂಗಸು ಕೇಳಿದರೆ ಆಯಿ "ಹಾಕು" ಎನ್ನುತ್ತಿದ್ದಳು. ಮತ್ತೆ ಕೇಳಿದರೆ ಮತ್ತೆ "ಹಾಕು". ಬೆರಳಿಗಂಟಿದ ಎಣ್ಣೆಯನ್ನೂ ಬಿಡಲಿಲ್ಲ. ನನಗೆ ಹೆದರಿಕೆಯಾಯಿತು, ಖರೇ ಹೇಳುತ್ತೇನೆ. ಆಯಿಗೆ ಹಸಿವು ಎಂಬುದೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅಜ್ಜನನ್ನು ನೋಡಿದೆ. ಅವನ ಕೈ ತಾಟಿನಲ್ಲೇ ನಿಂತುಬಿಟ್ಟಿತ್ತು. ಮದುವೆಯಾದಂದಿನಿಂದ ಅವನೂ ಅವಳು ಉಣ್ಣುವುದನ್ನು ಕಂಡಿರಲಿಲ್ಲ.

"ಮನ್ಯಾಗ ಎಷ್ಟು ಉಣ್ತಿ ನೀ?" ಅಜ್ಜ ಮೆತ್ತಗೆ ಕೇಳಿದ.

"ಉಳದಷ್ಟ್ರಿ."

"ಉಳೀಲಿಲ್ಲಂದ್ರ?"

"ಮಜ್ಜಿಗಿ ಇರತೈತಲ್ರಿ" ಎಂದಳು ಆಯಿ, ತಲೆಯೆತ್ತದೆ. ದನಿಯಲ್ಲಿ ದೂರು ಇರಲಿಲ್ಲ. ಕೇಳಿದರು, ಹೇಳಿದಳು, ಅಷ್ಟೇ. ಮೊಸರು ಕಲೆಸಿಕೊಳ್ಳುವುದರಲ್ಲಿ ಅವಳ ಮನಸ್ಸೆಲ್ಲ ಇತ್ತು. ಅಜ್ಜ ಆಮೇಲೆ ಒಂದು ತುತ್ತೂ ಉಣ್ಣಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವ ತನಕ ಆಯಿ ಕಿಟಕಿಗೆ ತಲೆ ಆನಿಸಿ ಚಲೋ ನಿದ್ದೆ ಮಾಡಿದಳು.

ಮರುದಿನ ಅಜ್ಜ ಪಡಸಾಲೆಯಲ್ಲಿ ಮಣೆ ಹಾಕಿಸಿ, ಇನ್ನು ಮುಂದೆ ಆಯಿಯದೇ ಮೊದಲ ಊಟ ಎಂದ. ಅಪ್ಪ, ಕಾಕಾ, ಸೊಸೆಯರು, ನಾವು ಎಲ್ಲರೂ ಸುತ್ತ ನಿಂತೆವು. ಆಯಿ ರೊಟ್ಟಿ ಮುರಿದಳು, ಆದರೆ ತುತ್ತು ಬಾಯಿಯ ತನಕ ಹೋಗಲಿಲ್ಲ. "ನೀವೆಲ್ಲಾ ಉಪವಾಸ ನಿಂತ್ರ ನನಗ ಹ್ಯಾಂಗ ಇಳೀತೈತಿ?" ಎಂದು ತಾಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಜ್ಜ ಎಷ್ಟು ಬೈದರೂ ಅವಳು ಬದಲಾಗಲಿಲ್ಲ. ಕಡೆಗೆ ಅವನೇ ಬೇರೆ ದಾರಿ ಹಿಡಿದ. ಉಣ್ಣಲು ಕೂರುವ ಮೊದಲು ಒಳಗೆ ಹೋಗಿ ರೊಟ್ಟಿ ಬುಟ್ಟಿಯ ಅರಿವೆ ಸರಿಸಿ ನೋಡುತ್ತಿದ್ದ. ಕಮ್ಮಿ ಕಂಡರೆ ಹೊಟ್ಟೆ ಭಾರ ಎಂದು ಅರ್ಧಕ್ಕೇ ಲಗೂ ಏಳುತ್ತಿದ್ದ. ಹಾಗೆ ಉಳಿಸಿದ್ದು ಅವಳ ಹೊಟ್ಟೆಗೆ ಹೋಯಿತೋ, ಹೊತ್ತಲ್ಲದ ಹೊತ್ತಿಗೆ ಬಂದ ಇನ್ಯಾರ ತಾಟಿಗೆ ಬಿತ್ತೋ ನನಗೆ ಗೊತ್ತಿಲ್ಲ. ಅನ್ನಕ್ಕೆ ಬರವಿಲ್ಲದ ಮನೆ ಅದು.

ನಾನು ಕಾಲೇಜು ಓದುವಾಗ ಅಜ್ಜ ತೀರಿಕೊಂಡ. ಮಣ್ಣು ಮಾಡಿ ಬರುವಷ್ಟರಲ್ಲಿ ನೆರೆಮನೆಯವರು ರೊಟ್ಟಿ ಪಲ್ಯ ತಂದಿಟ್ಟಿದ್ದರು. ಹಿಂದಿನ ದಿನದಿಂದ ಆಯಿ ಬಾಯಿಗೆ ನೀರೂ ಹಾಕಿರಲಿಲ್ಲ. ಮೊದಲು ಅವಳಿಗೆ ಬಡಿಸಿರೆಂದು ಎಲ್ಲರೂ ಹೇಳಿದರು. ಅವ್ವ ಪಡಸಾಲೆಯಲ್ಲೇ ತಾಟು ತಂದಿಟ್ಟಳು. ಆಯಿ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು, ಕೈ ಅಲ್ಲೇ ನಿಂತಿತು. ಅವ್ವನ ಮುಖ ನೋಡಿ, ದಿನವೂ ಅಜ್ಜನನ್ನು ವಿಚಾರಿಸುತ್ತಿದ್ದ ದನಿಯಲ್ಲೇ ಕೇಳಿದಳು.

"ಅವರದು ಊಟ ಆತೇನವಾ?"

ಅವ್ವ ಅವಳ ಪಕ್ಕದಲ್ಲಿ ಕುಕ್ಕರಿಸಿ, "ಹೂಂ, ಆತ್ರಿ" ಅಂದಳು.

ಆಗ ಆಯಿ ಉಂಡಳು.