ಒನ್ಸ್ ಮೋರ್‌ಗೆ ತಿರುಗದ ರಾಣಿ

ನಾನು ಒಂದೇ ದಿನ ಆರು ಸಲ ಸತ್ತವನು. ನಂಬದಿದ್ದರೆ ಪಿರಿಯಾಪಟ್ಟಣದ ಹಳಬರನ್ನು ಕೇಳಿ. ನಮ್ಮ ನಾಟಕ ಕಂಪನಿಯಲ್ಲಿ ನನ್ನದು ಬಾಣ ತಗುಲಿ ಸಾಯುವ ರಾಜಕುಮಾರನ ಪಾತ್ರ. ಸಾಯುವ ಮೊದಲು ಒಂದು ಹಾಡು. ಹಾಡಿ ಸತ್ತರೆ ಜನ ಬಿಡುತ್ತಿರಲಿಲ್ಲ, “ಒನ್ಸ್ ಮೋರ್” ಎಂದು ಕೂಗುತ್ತಿದ್ದರು. ನಾನು ಎದ್ದು, ಬಾಣವನ್ನು ಕಂಕುಳಲ್ಲಿ ಸರಿಯಾಗಿ ಸಿಕ್ಕಿಸಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದೆ. ಎಲ್ಲರಿಗಿಂತ ಮೊದಲು ಕೂಗುತ್ತಿದ್ದವರು ಹನಗೋಡಿನ ನಂಜೇಗೌಡರು. ಅವರಿಗೆ ಬರುತ್ತಿದ್ದ ಇಂಗ್ಲಿಷೂ ಅಷ್ಟೇ.

ರಂಗದ ಮೇಲೆ ಸಾವನ್ನು ತೋರಿಸಬಾರದೆಂದು ಹಿಂದಿನವರು ಶಾಸ್ತ್ರ ಬರೆದಿದ್ದಾರಂತೆ. ಸತ್ತವನು ಎದ್ದು ಬರುವ ಸುಖ ಅವರಿಗೇನು ಗೊತ್ತು, ಪಾಪ.

ಆಮೇಲೆ ಹುಣಸೂರಿಗೆ ಟಾಕಿ ಬಂತು. ನಾವು ಟೆಂಟು ಹಾಕುತ್ತಿದ್ದ ಬಯಲಿನಲ್ಲೇ ಸಿನಿಮಾದವರೂ ಹಾಕಿದರು. ಕಂಪನಿ ಮುಚ್ಚಿತು. ನಾನು ಆ ಟೆಂಟಿನ ಬಾಗಿಲಲ್ಲೇ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮೊದಲ ದಿನ ಪರದೆಯ ಮೇಲಿನ ರಾಣಿ ಹಾಡು ಮುಗಿಸಿದಳು. ನಂಜೇಗೌಡರು “ಒನ್ಸ್ ಮೋರ್” ಎಂದರು. ಟೆಂಟಿಗೆ ಟೆಂಟೇ ಕೂಗಿತು. ರಾಣಿ ತಿರುಗಿಯೂ ನೋಡದೆ ಕುದುರೆ ಹತ್ತಿ ಹೊರಟುಹೋದಳು. ಆಟ ಬಿಟ್ಟ ಮೇಲೆ ಗೌಡರು ಬಾಗಿಲಲ್ಲಿ ನಿಂತು, “ಅಲ್ಲ ಕಣ್ರೀ, ಅಷ್ಟು ಬಡ್ಕಂಡ್ರೂ ತಿರುಗಿ ನೋಡ್ನಿಲ್ವಲ್ಲ, ಆ ಯಮ್ಮಂಗೆ ಕಿವಿ ಕೇಳಾಕಿಲ್ವಾ?” ಎಂದರು.

ನನಗೆ ಒಳಗೊಳಗೇ ಖುಷಿ. ಇಂಥ ಸೊಕ್ಕಿನವಳನ್ನು ನಮ್ಮ ಜನ ಎಷ್ಟು ದಿನ ಸಹಿಸಿಯಾರು, ವಾರದೊಳಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದುಕೊಂಡೆ. ವಾರದೊಳಗೆ ಅವರು ಕೂಗುವುದನ್ನು ಬಿಟ್ಟರು.

ಮೊನ್ನೆ ಸಂತೆಗೆಂದು ಬಂದ ಗೌಡರು ನಮ್ಮ ಮನೆಗೂ ಬಂದರು. “ಆ ಸಾಯೋ ಪದ ಒಂದ್ಸಲ ಹೇಳ್ರೀ ಸ್ವಾಮಿ. ಕೇಳಿ ವರ್ಸಗಳೇ ಆದೋ” ಎಂದರು. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಹಾಡಿದೆ. ಕಂಪನಿಯ ದಿನಗಳಲ್ಲೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಕೊನೆಯ ಸಾಲು ಮುಗಿಸಿ, ಹಳೆಯ ಅಭ್ಯಾಸದಂತೆ ಚಾಪೆಯ ಮೇಲೆ ಉರುಳಿ, ಕಣ್ಣು ಮುಚ್ಚಿ ಸತ್ತೆ. ಕಾದೆ.

ಗೌಡರು ಕೂಗಲಿಲ್ಲ. ಕಣ್ಣು ತೆರೆದರೆ, ಅವರು ಟೆಂಟಿನ ಪರದೆ ನೋಡುವವರಂತೆ ಎದುರಿನ ಗೋಡೆ ನೋಡುತ್ತ ಕುಳಿತಿದ್ದರು.

“ಚೆಂದಾಗಿತ್ತು ಬುಡಿ. ಮುಂದಕ್ಕೇನು?” ಎಂದರು.

ಮುಂದೇನೂ ಇರಲಿಲ್ಲ. ಎಬ್ಬಿಸುವವರಿಲ್ಲದ ಮೇಲೆ ಸತ್ತವನು ತಾನೇ ಎದ್ದು ಚಾಪೆ ಸುತ್ತಿಡಬೇಕು. ಸುತ್ತಿಟ್ಟೆ.