ಎಂಟೂಕಾಲು, ಮೇಲೆ ಒಂದೂವರೆ

ಮೂವತ್ತಮೂರರಲ್ಲಿ ಕಾಲು ಭಾಗ ಎಷ್ಟು ಅಂತ ಟೀಚರ್ ಕೇಳಿದರು. ನಾನು ಪೆನ್ಸಿಲ್ ಹುಡುಕುವಷ್ಟರಲ್ಲಿ ಗಿರಿಜ ಎಂಟೂಕಾಲು ಅಂದುಬಿಟ್ಟಳು.

ಗಿರಿಜ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಕೋಣನಕುಂಟೆಯವಳು, ಆಗ ಅದಿನ್ನೂ ಹಳ್ಳಿ. ಓದಿದ್ದು ಏಳನೇ ಕ್ಲಾಸು, ಅದೂ ಫೇಲು.

ನಾನು ಬಿಎಸ್ಸಿ. ಅದೂ ಗಣಿತ ತಗೊಂಡು, ಫಸ್ಟ್ ಕ್ಲಾಸಲ್ಲಿ ಪಾಸಾದವಳು. ನಮ್ಮ ಮನೆಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ, ನಾನು ಬಿಟ್ಟಿರಲಿಲ್ಲ.

ಎಂಬತ್ತರ ಆಸುಪಾಸು ಇರಬೇಕು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬನಶಂಕರಿಯ ಮನೆಯಿಂದ ಜಯನಗರದ ಟೈಲರಿಂಗ್ ಕ್ಲಾಸಿಗೆ ಇಬ್ಬರೂ ನಡೆದೇ ಹೋಗುತ್ತಿದ್ದೆವು. ಟೀಚರ್ ಮನೆಯ ಮಹಡಿಯಲ್ಲಿ ನಾಲ್ಕು ಮಿಷನ್ನು, ಹತ್ತು ಹೆಂಗಸರು. ವರ್ಷದ ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು.

ಹೊಲಿಗೆ ಅಂದರೆ ಸೂಜಿ ದಾರ ಅಂದುಕೊಂಡಿದ್ದೆ. ನೋಡಿದರೆ ಪೂರ್ತಿ ಭಿನ್ನರಾಶಿ... ಎದೆ ಸುತ್ತಳತೆಯನ್ನು ನಾಲ್ಕು ಭಾಗ ಮಾಡು, ಪ್ರತಿ ಭಾಗಕ್ಕೂ ಹೊಲಿಗೆಗೆ ಅಂತ ಒಂದೂವರೆ ಇಂಚು ಕೂಡಿಸು. ಇದು ನನ್ನ ರಾಜ್ಯ ಅಂತ ಒಳಗೊಳಗೇ ಬೀಗಿದೆ.

ಆದರೆ ಗಿರಿಜ ಲೆಕ್ಕವನ್ನೇ ಮಾಡುವುದಿಲ್ಲ. ಟೇಪನ್ನು ಮೂವತ್ತಮೂರಕ್ಕೆ ಹಿಡಿದು ಒಂದು ಸಲ ಮಡಿಸುತ್ತಾಳೆ, ಇನ್ನೊಂದು ಸಲ ಮಡಿಸುತ್ತಾಳೆ, ಮಡಿಕೆ ಬಂದ ಕಡೆ ಉಗುರಿಟ್ಟು ಓದುತ್ತಾಳೆ. ಎಂಟೂಕಾಲು, ಮೇಲೆ ಒಂದೂವರೆ, ಒಂಬತ್ತೂಮುಕ್ಕಾಲು. ಅಷ್ಟು ಹೊತ್ತಿಗೆ ನಾನಿನ್ನೂ ಛೇದ ಸಮ ಮಾಡುತ್ತಾ ಕೂತಿರುತ್ತೇನೆ.

ಒಂದು ದಿನ ಟೀಚರ್ ಎಲ್ಲರ ಎದುರಿಗೇ ನನಗೆ, ಗಿರಿಜಾನ ಪಕ್ಕ ಕೂತು ನೋಡಿ ಕಲೀರಿ ಅಂದರು. ನನ್ನ ಬಿಎಸ್ಸಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ಅದೇ ಸಮಯಕ್ಕೆ ನಾದಿನಿ ಪದ್ಮಳ ಮದುವೆ ಗೊತ್ತಾಯಿತು. ಅತ್ತೆ ಧಾರೆ ಸೀರೆಯ ಬ್ಲೌಸ್ ಪೀಸನ್ನು ತಂದು ಸೀದಾ ಗಿರಿಜಾನ ಕೈಗೆ ಕೊಟ್ಟರು. ಹಿರೀ ಸೊಸೆ ನಾನು ಎದುರಿಗೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ.

ಗಿರಿಜ ಎರಡು ದಿನಕ್ಕೆ ತವರಿಗೆ ಹೋದಳು. ನಾನು ಬೀರುವಿನಿಂದ ಬಟ್ಟೆ ತೆಗೆದೆ.

ಪದ್ಮಳ ಅಳತೆಯೂ ಮೂವತ್ತಮೂರೇ. ಎರಡೆರಡು ಹೆಜ್ಜೆ ಯಾಕೆ, ಒಂದೇ ಏಟಿಗೆ ಮುಗಿಸೋಣ ಅಂತ ಒಂದೂವರೆಯನ್ನು ಮೊದಲೇ ಕೂಡಿಸಿದೆ. ಮೂವತ್ತನಾಲ್ಕೂವರೆ... ಅಂದರೆ ಅರವತ್ತೊಂಬತ್ತು ಬೈ ಎರಡು. ನಾಲ್ಕರಿಂದ ಭಾಗಿಸಿದರೆ ಅರವತ್ತೊಂಬತ್ತು ಬೈ ಎಂಟು. ಎಂಟು ಇಂಚು, ಮೇಲೆ ಐದು ಬೈ ಎಂಟು.

ಎಷ್ಟು ಚೆನ್ನಾದ ಉತ್ತರ. ಟೇಪ್ ಮಡಿಸುವವರಿಗೆ ಇದೆಲ್ಲ ಎಲ್ಲಿ ಬರಬೇಕು ಅಂದುಕೊಂಡೇ ಕತ್ತರಿ ಹಾಕಿದೆ.

ಕಚ್ಚಾ ಹೊಲಿಗೆ ಹಾಕಿ ಪದ್ಮಳಿಗೆ ತೊಡಿಸಿದರೆ ಮುಂದೆ ಎರಡು ಕಡೆಯೂ ಕೂಡುತ್ತಲೇ ಇಲ್ಲ. ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ. ನಾಲ್ಕು ಭಾಗಕ್ಕೂ ಒಂದೊಂದು ಒಂದೂವರೆ ಬೇಕಿತ್ತು, ನಾನು ಒಂದೇ ಒಂದೂವರೆಯನ್ನು ನಾಲ್ಕಕ್ಕೂ ಹಂಚಿಬಿಟ್ಟಿದ್ದೆ. ಪದ್ಮ ಅಳುವುದಕ್ಕೆ ಶುರುಮಾಡಿದಳು. ಅಮ್ಮನಿಗೆ ಹೇಳಬೇಡ ಅಂತ ಅವಳನ್ನು ಬೇಡಿಕೊಂಡೆ. ಆ ಬಟ್ಟೆ ಇನ್ನೊಂದು ಸಿಗುವ ಹಾಗಿರಲಿಲ್ಲ.

ಮರುದಿನ ಗಿರಿಜ ಬಂದಳು. ನನ್ನ ಮುಖ ನೋಡಿದಳು, ಬಟ್ಟೆ ನೋಡಿದಳು. ಸೀರೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಪಟ್ಟಿ ಕತ್ತರಿಸಿ, ಎರಡು ಕಂಕುಳ ಕೆಳಗೂ ಕೂಡಿಸಿ ಹೊಲಿದಳು.

ಇದೇನು ಜಾಯಿಂಟು ಅಂತ ಅತ್ತೆ ಕೇಳಿದರು. ಗಿರಿಜ ತಲೆ ಎತ್ತದೆ ಹೇಳಿದಳು.

"ಪದ್ಮಂಗೆ ಕೈ ಎತ್ತಕ್ಕೆ ಸಲೀಸಾಗ್ಲಿ ಅಂತ ನಾನೇ ಇಟ್ಟೆ ಅತ್ತೆ."

ಎಂಥಾ ಬುದ್ಧಿ ನಮ್ಮ ಹುಡುಗೀದು ಅಂತ ಅತ್ತೆ ಬಂದವರಿಗೆಲ್ಲ ತೋರಿಸಿದರು. ನನ್ನ ತಪ್ಪಿಗೂ ಹೊಗಳಿಕೆ ಅವಳಿಗೇ. ನನ್ನ ಮಾನ ಉಳಿಸಿದವಳ ಮೇಲೆ ಕೃತಜ್ಞತೆ ಬರಬೇಕಿತ್ತು... ಬರಲಿಲ್ಲ, ಉರಿ ಇನ್ನೂ ಜಾಸ್ತಿಯಾಯಿತು.

ಆವತ್ತು ಸಂಜೆ ಅವಳು ಅಡುಗೆಮನೆಗೆ ಬಂದಳು. ಕೈಯಲ್ಲಿ ನಾನು ಲೆಕ್ಕ ಮಾಡಿದ್ದ ಚೀಟಿ.

"ಅಕ್ಕ, ಹಿಂಗೆ ಮೇಲೆ ಕೆಳಗೆ ಬರೆಯೋದು ನಂಗೆ ಬರಲ್ಲ. ಸ್ಕೂಲಲ್ಲಿ ಇದಕ್ಕೇ ಫೇಲಾಗಿದ್ದು. ಪರೀಕ್ಷೇಲಿ ಬರೆದು ತೋರಿಸ್ಬೇಕಂತೆ. ನೀವು ಎಷ್ಟು ಚೆನ್ನಾಗಿ ಬರೀತೀರಾ... ಹೇಳ್ಕೊಡ್ತೀರಾ?"

"ಮದುವೆ ಮುಗೀಲಿ, ನೋಡೋಣ," ಅಂದೆ.

ಮದುವೆ ಮುಗಿಯಿತು. ಅವಳು ಎರಡು ಬದಿ ರೂಲ್ ಹಾಕಿದ ಹೊಸ ನೋಟ್‌ಬುಕ್ ಹಿಡಿದು ಮೂರು ಸಲ ಬಂದಳು. ಒಂದು ಸಲ ನನಗೆ ತಲೆನೋವು, ಒಂದು ಸಲ ನೆಂಟರು, ಇನ್ನೊಂದು ಸಲ ಏನು ನೆಪ ಹೇಳಿದೆನೋ ನೆನಪಿಲ್ಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಪರೀಕ್ಷೆಯ ದಿನ, ಅತ್ತೆಗೆ ಹುಷಾರಿಲ್ಲ, ನೀವು ಹೋಗ್ಬನ್ನಿ ಅಕ್ಕ ಅಂದಳು. ಅತ್ತೆ ಹೊರಗೆ ರಂಗೋಲಿ ಹಾಕುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸರ್ಟಿಫಿಕೇಟು ನನಗೆ ಬಂತು, ಇಲ್ಲೂ ಫಸ್ಟ್ ಕ್ಲಾಸು. ಮುಂದಿನ ವರ್ಷ ಟೀಚರ್ ತಮ್ಮ ಜೊತೆ ಕಲಿಸುವುದಕ್ಕೆ ಒಬ್ಬರನ್ನು ಹುಡುಕಿದರು. ಅವರಿಗೆ ಗಿರಿಜಾನೇ ಬೇಕಿತ್ತು, ಆದರೆ ಸರ್ಟಿಫಿಕೇಟು ಇಲ್ಲದವರನ್ನು ತಗೊಳ್ಳುವ ಹಾಗಿರಲಿಲ್ಲ.

ಅಲ್ಲಿಂದೀಚೆಗೆ ನಾನು ಒಂದು ಬ್ಲೌಸೂ ಕತ್ತರಿಸಿಲ್ಲ. ನನ್ನ ಬ್ಲೌಸುಗಳನ್ನು ಇವತ್ತಿಗೂ ಗಿರಿಜಾನೇ ಹೊಲಿದು ಕೊಡುತ್ತಾಳೆ, ಆ ನೋಟ್‌ಬುಕ್ಕಿನ ಮಾತು ಒಂದು ದಿನವೂ ಎತ್ತಿಲ್ಲ.

ಬರೀ ಒಂದು ವಾರದ ಪಾಠ ಅದು. ಕೂತು ಹೇಳಿಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ನೀವೇ ಹೇಳಿ?